ತಮ್ಮನ್ನೇ ಹೊಡೆದುಕೊಳ್ಳುವ ವಯಸ್ಕರು: ಕಾರಣ ಹುಡುಕಿ ಬದಲಿ ಕಲಿಸುವ ಬಗೆ

ಬೌದ್ಧಿಕ ಅಸಾಮರ್ಥ್ಯವಿರುವ, ಮಾತು ಬಾರದ, ಮೂವತ್ತು ದಾಟಿದ ಮಗ ಸ್ನಾನಕ್ಕೆ ಕರೆದ ಕೂಡಲೇ ಹಣೆ ಚಚ್ಚಿಕೊಳ್ಳುತ್ತಾನೆ. ತಾಯಿ ಚೊಂಬು ಕೆಳಗಿಟ್ಟು "ಬೇಡ ಬಿಡಪ್ಪ, ನಾಳೆ ಮಾಡೋಣ" ಅನ್ನುತ್ತಾಳೆ. ಏಟು ನಿಲ್ಲುತ್ತದೆ, ಇಬ್ಬರಿಗೂ ಹೋದ ಜೀವ ಬಂದಂತಾಗುತ್ತದೆ. ಆದರೆ ಅಷ್ಟರಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತಾಗಿದೆ. ಹೊಡೆದುಕೊಂಡರೆ ಸ್ನಾನ ತಪ್ಪುತ್ತದೆ ಅಂತ ಅವನು, ಸ್ನಾನ ಬಿಟ್ಟರೆ ಏಟು ನಿಲ್ಲುತ್ತದೆ ಅಂತ ಇವಳು. ಇದೇ ಇಪ್ಪತ್ತು ವರ್ಷ ನಡೆಯುವಷ್ಟರಲ್ಲಿ ಹಣೆಯ ಮೇಲೆ ಗಟ್ಟಿ ಗಂಟು ಕಟ್ಟಿರುತ್ತದೆ, ತಾಯಿಗೆ ಅರವತ್ತು ದಾಟಿರುತ್ತದೆ, ಮಗನ ಕೈ ಹಿಡಿದು ನಿಲ್ಲಿಸುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿದಿರುವುದಿಲ್ಲ.

ಇದರಲ್ಲಿ ತಾಯಿಯ ತಪ್ಪಿಲ್ಲ. ಯಾರೇ ಆದರೂ ಹಾಗೇ ಮಾಡುತ್ತಾರೆ. ಮಗನದು ಹಟವೂ ಅಲ್ಲ, ಹುಚ್ಚೂ ಅಲ್ಲ, ಯಾರೋ ಮಾಡಿಸಿದ್ದೂ ಅಲ್ಲ. ಮಾತು ಬಾರದ ಮನುಷ್ಯನಿಗೆ ಆ ಏಟು ಒಂದು ಕೆಲಸ ಮಾಡಿಕೊಡುತ್ತಿದೆ. ವರ್ತನಾ ಚಿಕಿತ್ಸೆಯ ತಿರುಳು ಇಷ್ಟೇ: ಏಟಿನಿಂದ ಅವರಿಗೆ ಏನು ಸಿಗುತ್ತಿದೆ ಎಂದು ಪತ್ತೆ ಮಾಡಬೇಕು, ಅದೇ ವಸ್ತು ಏಟಿಗಿಂತ ಕಡಿಮೆ ಶ್ರಮದಲ್ಲಿ, ಏಟಿಗಿಂತ ಬೇಗ ಸಿಗುವ ಇನ್ನೊಂದು ದಾರಿಯನ್ನು ಕಲಿಸಬೇಕು. ಬದಲಿ ದಾರಿ ಏಟಿಗಿಂತ ಕಷ್ಟದ್ದಾದರೆ ಅದನ್ನು ಯಾರೂ ಬಳಸುವುದಿಲ್ಲ. ಮನೆಗಳಲ್ಲೂ ಡೇ ಕೇರ್ ಕೇಂದ್ರಗಳಲ್ಲೂ ಯೋಜನೆಗಳು ಸೋಲುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ.

ಕೆಲವು ಸಂದರ್ಭಗಳಲ್ಲಿ ಇದನ್ನೆಲ್ಲ ಓದುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಅತಿಯಾದ ನಿದ್ದೆ, ನಡಿಗೆಯಲ್ಲಿ ತೂರಾಟ, ಫಿಟ್ಸ್ ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ಕಣ್ಣಿಗೆ ಗುದ್ದಿಕೊಳ್ಳುವವರನ್ನು, ಬೆರಳಿನಿಂದ ಕಣ್ಣು ಒತ್ತಿಕೊಳ್ಳುವವರನ್ನು ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು. ಪದೇ ಪದೇ ಪೆಟ್ಟು ಬಿದ್ದರೆ ಕಣ್ಣಿನ ಒಳಪದರವಾದ ಅಕ್ಷಿಪಟಲ ಕಿತ್ತು ಬರಬಹುದು, ದೃಷ್ಟಿ ಹೋಗಬಹುದು, "ನನಗೆ ಕಾಣಿಸುತ್ತಿಲ್ಲ" ಎಂದು ಅವರು ಹೇಳುವುದಿಲ್ಲ. ಕಚ್ಚಿಕೊಂಡ ಗಾಯ ಕೆಂಪಾಗಿ ಬಿಸಿಯಾಗಿ ಊದಿದರೂ ಅದೇ ದಿನ ತೋರಿಸಬೇಕು.

ಮೊದಲು ನೋವು ಹುಡುಕಿ

ಹಿಂದೆಂದೂ ಇಲ್ಲದ ಚಟ ಈ ತಿಂಗಳು ಶುರುವಾಗಿದ್ದರೆ, ಅಥವಾ ಇದ್ದದ್ದು ಏಕಾಏಕಿ ದುಪ್ಪಟ್ಟಾಗಿದ್ದರೆ, ಅದನ್ನು ನೋವು ಎಂದೇ ಹಿಡಿದು ಹೊರಡಿ. ವರ್ತನೆಯ ಮಾತು ಆಮೇಲೆ. ಒಂದೇ ಕಡೆಯ ಕಿವಿಗೆ ಹೊಡೆದುಕೊಳ್ಳುತ್ತಿದ್ದರೆ ಕಿವಿ ಸೋಂಕು, ಗುಗ್ಗೆ ಗಟ್ಟಿಯಾಗಿರುವುದು. ದವಡೆಗೆ, ಗಲ್ಲಕ್ಕೆ ಹೊಡೆತವಿದ್ದು ಊಟ ಒಂದೇ ಬದಿಯಲ್ಲಿ ಜಗಿಯುತ್ತಿದ್ದರೆ ಹುಳುಕು ಹಲ್ಲು. ಊಟವಾದ ಅರ್ಧ ಗಂಟೆಯೊಳಗೆ, ಇಲ್ಲವೇ ಮಲಗಿದ ಕೂಡಲೇ ಶುರುವಾದರೆ ಹುಳಿತೇಗು, ಎದೆಯುರಿ. ಹೆಣ್ಣುಮಕ್ಕಳಲ್ಲಿ ತಿಂಗಳಿಗೆ ನಾಲ್ಕೈದು ದಿನ ಮಾತ್ರ ಹೆಚ್ಚುವುದಾದರೆ ಮುಟ್ಟಿನ ಹೊಟ್ಟೆನೋವು. ಮೂತ್ರದ ಸೋಂಕು, ತಲೆಶೂಲೆ, ಯಾರ ಗಮನಕ್ಕೂ ಬಾರದ ಮೂಳೆ ಬಿರುಕು ಕೂಡ ಈ ಪಟ್ಟಿಯಲ್ಲಿವೆ.

ಇವೆಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಮಲಬದ್ಧತೆ. ದೊಡ್ಡವರು ಬಚ್ಚಲಿಗೆ ತಾವೇ ಹೋಗಿಬರುತ್ತಾರೆ, ಆದ್ದರಿಂದ ಮನೆಯವರಿಗೆ ಲೆಕ್ಕ ಸಿಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಲ ಆದ ದಿನ ಒಂದು ಗುರುತು, ಹೊಡೆತ ಜಾಸ್ತಿಯಾದ ದಿನ ಬೇರೆ ಬಣ್ಣದ ಗುರುತು ಹಾಕಿ. ಒಂದೂವರೆ ತಿಂಗಳಲ್ಲಿ ಎರಡಕ್ಕೂ ನಂಟಿದೆಯೇ ಎನ್ನುವುದು ಕಣ್ಣಿಗೇ ಕಾಣುತ್ತದೆ. ಆ ಕ್ಯಾಲೆಂಡರ್ ಹಾಳೆಯನ್ನೇ ವೈದ್ಯರ ಮುಂದಿಡಿ. "ತುಂಬಾ ಹೊಡ್ಕೋತಾನೆ ಡಾಕ್ಟ್ರೇ" ಅನ್ನುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಔಷಧವನ್ನೂ ನೋಡಿ. ಮನೋರೋಗದ ಕೆಲವು ಮಾತ್ರೆಗಳು, ಮುಖ್ಯವಾಗಿ ಹಾಲೊಪೆರಿಡಾಲ್ ಥರದವು, ಕೂತಲ್ಲಿ ಕೂರಲಾಗದ ಒಳಚಡಪಡಿಕೆ ತರುತ್ತವೆ. ಕಾಲು ಬದಲಿಸುತ್ತ ನಿಲ್ಲುವುದು, ಎದ್ದು ಕೂತು ಮಾಡುವುದು ಅದರ ಗುರುತು. ಆ ಚಡಪಡಿಕೆಯಿಂದ ಹೊಡೆತ ಹೆಚ್ಚಾದರೆ ಮಾತ್ರೆ ಸಾಲದು ಎಂದು ಡೋಸ್ ಏರಿಸುತ್ತಾರೆ, ಚಡಪಡಿಕೆ ಇನ್ನೂ ಏರುತ್ತದೆ. ಫಿಟ್ಸಿಗೆ ಕೊಡುವ ಲೆವೆಟಿರಾಸಿಟಾಮ್ ಕೆಲವರಲ್ಲಿ ವಿಪರೀತ ಕಿರಿಕಿರಿ ಹುಟ್ಟಿಸುತ್ತದೆ. ಮಾತ್ರೆ ಬದಲಾದ ತಾರೀಖನ್ನೂ ಹೊಡೆತ ಏರಿದ ತಾರೀಖನ್ನೂ ಪಕ್ಕಪಕ್ಕ ಬರೆದು ವೈದ್ಯರಿಗೆ ತೋರಿಸಿ, ಆದರೆ ನೀವಾಗಿ ಯಾವ ಮಾತ್ರೆಯನ್ನೂ ಥಟ್ಟನೆ ನಿಲ್ಲಿಸಬೇಡಿ. ಹಾಗೆಯೇ ಮಾತ್ರೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಬೌದ್ಧಿಕ ಅಸಾಮರ್ಥ್ಯವಿದ್ದು ಇತರರ ಮೇಲೆ ಕೈ ಮಾಡುತ್ತಿದ್ದ 86 ವಯಸ್ಕರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಲೊಪೆರಿಡಾಲ್, ರಿಸ್ಪೆರಿಡೋನ್ ಎರಡೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಅದು ಹೊಡೆದಾಟದ ಬಗೆಗಿನ ಅಧ್ಯಯನ, ನಿಜ. ಆದರೂ ಕಾರಣ ಹುಡುಕದೆ ಮಾತ್ರೆ ಬರೆಯುವ ಅಭ್ಯಾಸಕ್ಕೆ ಅದೊಂದು ಎಚ್ಚರಿಕೆ.

ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಲವತ್ತು ದಾಟಿದ್ದರೆ ಮರೆವಿನ ಕಾಯಿಲೆ ಬೇಗ ಶುರುವಾಗಿರಬಹುದು ಎಂಬುದೂ ನೆನಪಿರಲಿ. ತುಟಿ, ಬೆರಳು ಕಚ್ಚಿ ಹರಿದುಕೊಳ್ಳುವ ಲೆಶ್-ನೈಹನ್, ಚರ್ಮ ಕಿತ್ತುಕೊಳ್ಳುವ ಪ್ರೇಡರ್-ವಿಲ್ಲಿ ಮೊದಲಾದ ಅನುವಂಶಿಕ ಸ್ಥಿತಿಗಳಿಗೆ ವರ್ತನಾ ಯೋಜನೆಯೊಂದೇ ಸಾಲದು, ಅದರ ಬಗ್ಗೆ ತಿಳಿದ ತಜ್ಞರು ಜೊತೆಗಿರಬೇಕು. ಮನೆಯಲ್ಲಿ ಸಾವಾಗಿದ್ದರೆ, ಅಕ್ಕ ಮದುವೆಯಾಗಿ ಹೋಗಿದ್ದರೆ ಅದನ್ನೂ ಬರೆದುಕೊಳ್ಳಿ. ದುಃಖ ಹೇಳಿಕೊಳ್ಳಲು ಬಾರದವರಿಗೂ ದುಃಖವಾಗುತ್ತದೆ.

ಎರಡು ವಾರ ಬರೀ ಎಣಿಕೆ

ವೈದ್ಯರ ತಪಾಸಣೆ ನಡೆಯುತ್ತಿರುವಾಗಲೇ ಬರೆಯಲು ಶುರು ಮಾಡಿ. ಮೊದಲು ಏನನ್ನು ಎಣಿಸುತ್ತೀರಿ ಎಂಬುದಕ್ಕೆ ಮನೆಯವರೆಲ್ಲ ಒಪ್ಪುವ ಒಂದು ವಾಕ್ಯ ಬೇಕು. "ಗಲಾಟೆ ಮಾಡಿದ" ಎಂದರೆ ಸಾಲದು. "ಅಂಗೈ ಅಥವಾ ಮುಷ್ಟಿಯಿಂದ ತನ್ನ ತಲೆಗೋ ಮುಖಕ್ಕೋ ಸದ್ದು ಕೇಳುವಂತೆ ಹೊಡೆದದ್ದು, 5 ಸೆಕೆಂಡ್ ಬಿಡುವಾಗಿ ಮತ್ತೆ ಹೊಡೆದರೆ ಹೊಸ ಸರದಿ" ಎಂಬಷ್ಟು ಖಚಿತವಾಗಿರಲಿ. ಕೈ ಕಚ್ಚುವುದಿದ್ದರೆ ಅದಕ್ಕೆ ಬೇರೆ ವಾಕ್ಯ, ಬೇರೆ ಲೆಕ್ಕ. ಒಬ್ಬರೇ ವ್ಯಕ್ತಿ ಹಣೆ ಚಚ್ಚುವುದು ಸ್ನಾನ ತಪ್ಪಿಸಲು, ಕೈ ಕಚ್ಚುವುದು ಹಸಿವಿಗೆ ಎಂದಿರಬಹುದು. ಎರಡನ್ನೂ ಒಂದೇ ಗಂಟಿಗೆ ಹಾಕಿದರೆ ಕಾರಣ ಎಂದೂ ಸಿಗುವುದಿಲ್ಲ.

ಎಣಿಸಲು ಪೆನ್ನು ಹಿಡಿದು ನಿಲ್ಲಬೇಕಿಲ್ಲ. ಸೆರಗಿನ ಗಂಟಿನಲ್ಲೋ ಬಲ ಜೇಬಿನಲ್ಲೋ ಹುಣಸೆಬೀಜ ಇಟ್ಟುಕೊಂಡು ಒಂದು ಸರದಿಗೆ ಒಂದರಂತೆ ಎಡಕ್ಕೆ ದಾಟಿಸಿ, ಅರ್ಧ ಗಂಟೆಗೊಮ್ಮೆ ಲೆಕ್ಕ ಹಾಳೆಗೆ ಏರಿಸಿ. ಹಾಳೆಯಲ್ಲಿ ಅಡ್ಡ ಸಾಲಿನಲ್ಲಿ ತಾರೀಖು, ಉದ್ದ ಸಾಲಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಅರ್ಧರ್ಧ ಗಂಟೆಯ ಚೌಕಗಳು. ಎರಡು ವಾರದಲ್ಲಿ ಕೆಲವು ಚೌಕಗಳು ಕಪ್ಪಾಗಿ, ಕೆಲವು ಖಾಲಿಯಾಗಿ ಉಳಿದಿರುತ್ತವೆ. ಖಾಲಿ ಉಳಿದ ಹೊತ್ತು ಕೂಡ ಅಷ್ಟೇ ಮುಖ್ಯ: ಆಗ ಯಾರಿದ್ದರು, ಅವರು ಏನು ಮಾಡುತ್ತಿದ್ದರು, ಮನೆಯಲ್ಲಿ ಎಷ್ಟು ಸದ್ದಿತ್ತು? ದಿನವಿಡೀ ಸಾಧ್ಯವಾಗದಿದ್ದರೆ ಅತಿ ಕಷ್ಟದ ಎರಡು ಗಂಟೆಯನ್ನಾದರೂ ತಪ್ಪದೆ ಎಣಿಸಿ. ವಾರಕ್ಕೊಮ್ಮೆ ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಅರ್ಧ ಗಂಟೆ ಎಣಿಸಿ ಹೋಲಿಸಿ. ಒಬ್ಬರಿಗೆ 16, ಇನ್ನೊಬ್ಬರಿಗೆ 20 ಬಂದರೆ ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದಾಗ ಶೇ. 80 ಆಯಿತು, ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ವಾಕ್ಯ ಇನ್ನೂ ಸ್ಪಷ್ಟವಾಗಬೇಕು.

ಇದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ: ಸ್ವಲ್ಪ ಮುಂಚೆ ಏನು ನಡೆಯಿತು, ಅವರು ಏನು ಮಾಡಿದರು, ಮರುಕ್ಷಣ ನೀವೆಲ್ಲ ಏನು ಮಾಡಿದಿರಿ. ಮೊದಲ ಅಂಕಣದಲ್ಲಿ "ಸಿಟ್ಟು ಬಂತು" ಎಂದು ಬರೆಯಬೇಡಿ. ಸಿಟ್ಟು ನಿಮ್ಮ ಊಹೆ. "ಟಿವಿ ಆಫ್ ಮಾಡಿದೆ", "ಪಕ್ಕದಲ್ಲಿದ್ದವಳು ಎದ್ದು ಅಡುಗೆಮನೆಗೆ ಹೋದೆ", "ತಟ್ಟೆ ತೆಗೆದಿಡು ಅಂದೆ" ಇವು ಕಂಡದ್ದು. ಮೂರನೆಯ ಅಂಕಣವನ್ನು ಬರೆಯುವುದಕ್ಕೆ ಎಲ್ಲರಿಗೂ ಮುಜುಗರ, ಏಕೆಂದರೆ ಅಲ್ಲಿ ಬರುವುದು ನಮ್ಮದೇ ನಡತೆ. ಆದರೆ ಉತ್ತರ ಇರುವುದು ಅಲ್ಲೇ. ರಾತ್ರಿ ಕೂತು ನೆನಪಿನಿಂದ ಬರೆದದ್ದು ಪ್ರಯೋಜನಕ್ಕೆ ಬಾರದು. ನಡೆದ ಐದು ನಿಮಿಷದೊಳಗೆ ಮೂರು ಸಾಲು ಗೀಚಿ. ಇಂಥ ಮೂವತ್ತು ನಲವತ್ತು ನಮೂದುಗಳಾದರೆ ಓದಲು ಸಾಕು.

ಏಟು ಏನನ್ನು ತಂದುಕೊಡುತ್ತಿದೆ

1977ರಲ್ಲಿ ಎಡ್ವರ್ಡ್ ಕಾರ್ ಎಂಬ ಮನಶ್ಶಾಸ್ತ್ರಜ್ಞ, ಹೀಗೆ ಗಾಯ ಮಾಡಿಕೊಳ್ಳುವುದರ ಹಿಂದೆ ಬೇರೆಬೇರೆಯವರಿಗೆ ಬೇರೆಬೇರೆ ಪ್ರೇರಣೆ ಇರುತ್ತದೆ ಎಂದು ವಾದಿಸಿದ. 1982ರಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸುವ ಕ್ರಮ ಕೊಟ್ಟರು. 1994ರಲ್ಲಿ ಅದೇ ತಂಡ 152 ಜನರ ಫಲಿತಾಂಶ ಒಟ್ಟುಗೂಡಿಸಿದಾಗ ಶೇ. 38.1 ಜನ ಒಲ್ಲದ ಕೆಲಸದಿಂದ ಪಾರಾಗಲು, ಶೇ. 26.3 ಜನ ಗಮನ, ತಿಂಡಿ, ವಸ್ತು ಪಡೆಯಲು, ಶೇ. 25.7 ಜನ ಹೊಡೆತದ ಸಂವೇದನೆಗೇ ಹೊಡೆದುಕೊಳ್ಳುತ್ತಿದ್ದುದು ಕಂಡಿತು. ಉಳಿದವರಲ್ಲಿ ಕಾರಣ ಒಂದಕ್ಕಿಂತ ಹೆಚ್ಚಿತ್ತು, ಇಲ್ಲವೇ ಸ್ಪಷ್ಟವಾಗಲಿಲ್ಲ. "ಎಲ್ಲಾ ಬರೀ ಗಮನ ಸೆಳೆಯೋಕೆ" ಎಂಬ ಮನೆಮಾತು ಎಷ್ಟು ತಪ್ಪು ಎಂದು ಈ ಅಂಕಿಗಳೇ ಹೇಳುತ್ತವೆ.

ನೋಟ್‌ಬುಕ್ ಓದುವ ಬಗೆ ಹೀಗೆ. ಏಳು, ಬಾ, ತೊಳೆ, ಹಾಕಿಕೋ ಎಂದು ಹೇಳಿದ ಮೇಲೆ ಶುರುವಾಗಿ, ಬಿಟ್ಟುಬಿಟ್ಟರೆ ನಿಲ್ಲುವುದಾದರೆ ಅದು ತಪ್ಪಿಸಿಕೊಳ್ಳುವ ಏಟು. ನೀವು ಫೋನಿನಲ್ಲಿದ್ದಾಗ, ನೆಂಟರ ಜೊತೆ ಮಾತಿಗೆ ಕೂತಾಗ ಬಂದು, ನೀವು ಓಡಿ ಬಂದು ತಲೆ ಸವರಿದರೆ ನಿಲ್ಲುವುದು ಗಮನದ ಏಟು. ಬೈಗುಳವೂ ಗಮನವೇ ಎಂಬುದು ನೆನಪಿರಲಿ. ಮೊಬೈಲ್ ಕಸಿದಾಗ, ಚಕ್ಕುಲಿ ಡಬ್ಬ ಮುಚ್ಚಿದಾಗ ಬಂದು, ಕೊಟ್ಟರೆ ನಿಲ್ಲುವುದು ವಸ್ತುವಿನ ಏಟು. ಕೋಣೆಯಲ್ಲಿ ಒಬ್ಬರೇ ಇದ್ದಾಗಲೂ, ಯಾರು ಏನು ಮಾಡಿದರೂ ಮಾಡದಿದ್ದರೂ ಒಂದೇ ಲಯದಲ್ಲಿ ನಡೆಯುತ್ತಿದ್ದರೆ ಅದು ಸಂವೇದನೆಗಾಗಿ. ಆದರೆ ನೋವು ಕೂಡ ಹೀಗೇ ಕಾಣುತ್ತದೆ, ಆದ್ದರಿಂದ ಈ ಉತ್ತರ ಬಂದಾಗ ಇನ್ನೊಮ್ಮೆ ವೈದ್ಯರ ಬಳಿ ಹೋಗಿ.

ತಜ್ಞರು ಇದನ್ನು ಖಚಿತಪಡಿಸಲು ಐದು ಹತ್ತು ನಿಮಿಷಗಳ ಬೇರೆಬೇರೆ ಸನ್ನಿವೇಶಗಳನ್ನು ಹೂಡಿ, ಯಾವುದರಲ್ಲಿ ಏಟು ಏರುತ್ತದೆ ಎಂದು ಹೋಲಿಸುತ್ತಾರೆ. ಅದು ಬೇಕೆಂದೇ ಏಟು ಬರುವ ಸನ್ನಿವೇಶ ಹೂಡುವ ಪರೀಕ್ಷೆ. ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬ ಗೆರೆ, ರಕ್ಷಣೆ, ವೈದ್ಯಕೀಯ ನೆರವು ಇಲ್ಲದೆ ಮಾಡುವಂಥದ್ದಲ್ಲ. ಮನೆಯಲ್ಲಿ ಅದನ್ನು ಮಾಡಬೇಡಿ. ಮನೆಯಲ್ಲಿ ಮಾಡಬಹುದಾದದ್ದು ಅದರ ತಿರುಗುಮುರುಗು: ಅನುಮಾನವಿರುವ ವಸ್ತುವನ್ನು ಏಟು ಬರುವ ಮೊದಲೇ ಧಾರಾಳವಾಗಿ ಕೊಟ್ಟು ನೋಡುವುದು. ಸಂಜೆ ಆರರಿಂದ ಏಳು ಕಷ್ಟದ ಹೊತ್ತು, ಗಮನವೇ ಕಾರಣ ಇರಬಹುದು ಅನಿಸಿದರೆ, ಮೂರು ಸಂಜೆ ಆ ಒಂದು ಗಂಟೆ ಪಕ್ಕದಲ್ಲೇ ಕೂತು ಮಾತಾಡುತ್ತಿರಿ, ಇನ್ನು ಮೂರು ಸಂಜೆ ಎಂದಿನಂತಿರಿ. ಎಣಿಕೆ ಅರ್ಧಕ್ಕಿಂತ ಕೆಳಗಿಳಿದರೆ ನಿಮ್ಮ ಊಹೆಗೆ ಬಲ ಬಂತು. ಇಳಿಯದಿದ್ದರೆ ಮುಂದಿನ ಊಹೆಗೆ ಹೋಗಿ.

ಮುಂಚೆಯೇ ಕೊಡುವುದು, ಕಷ್ಟವನ್ನೇ ಸಣ್ಣದು ಮಾಡುವುದು

ಗಮನ ಅಥವಾ ವಸ್ತು ಕಾರಣವಾದರೆ ಮೊದಲ ಹೆಜ್ಜೆ ಗಡಿಯಾರ. ಗಂಟೆಗೆ 12 ಸರದಿ ಇದೆ ಎಂದುಕೊಳ್ಳಿ, ಅಂದರೆ ಸರಾಸರಿ 5 ನಿಮಿಷಕ್ಕೊಂದು. ನೀವು 4 ನಿಮಿಷಕ್ಕೊಮ್ಮೆ, ಅವರು ಏನೂ ಮಾಡದಿದ್ದರೂ, ಹತ್ತಿರ ಹೋಗಿ ಅರ್ಧ ನಿಮಿಷ ಮಾತಾಡಿಸಿ, ಬೆನ್ನು ಸವರಿ, ಇಲ್ಲವೇ ಬೇಕಾದ ವಸ್ತು ಕೊಡಿ. ಮೊಬೈಲಿನಲ್ಲಿ ವೈಬ್ರೇಷನ್ ಅಲಾರಂ ಇಟ್ಟುಕೊಳ್ಳಿ, ಸದ್ದಿನದು ಬೇಡ, ಅವರು ಆ ಸದ್ದಿಗೇ ಕಾಯಲು ಶುರು ಮಾಡುತ್ತಾರೆ. ಅಲಾರಂ ಬಂದ ಕ್ಷಣದಲ್ಲೇ ಹೊಡೆದುಕೊಳ್ಳುತ್ತಿದ್ದರೆ ಕೈ ಸುಮ್ಮನಾಗಿ 10 ಸೆಕೆಂಡ್ ಆಗುವವರೆಗೆ ತಡೆಯಿರಿ. ಮೂರು ದಿನ ಎಣಿಕೆ ತೀರಾ ತಗ್ಗಿದ್ದರೆ 4 ನಿಮಿಷವನ್ನು 5ಕ್ಕೆ, ಆಮೇಲೆ 6ಕ್ಕೆ, ಹಾಗೇ ಒಂದೊಂದೇ ಮೆಟ್ಟಿಲು. ನಾಲ್ಕರಿಂದ ಹದಿನೈದಕ್ಕೆ ಹಾರಿದರೆ ಏಟು ಮರಳಿ ಬರುತ್ತದೆ, "ಈ ವಿಧಾನ ನಮ್ಮವನಿಗೆ ಆಗಲ್ಲ" ಎಂದು ಮನೆಯವರು ಕೈಬಿಡುತ್ತಾರೆ. ವಿಧಾನ ಸೋತದ್ದಲ್ಲ, ಮೆಟ್ಟಿಲು ತಪ್ಪಿದ್ದು.

ತಪ್ಪಿಸಿಕೊಳ್ಳುವ ಏಟಿಗೆ ಕೆಲಸವನ್ನೇ ಬಿಡಿಸಿ ನೋಡಬೇಕು. ಸ್ನಾನದಲ್ಲಿ ನಿಜಕ್ಕೂ ಒಲ್ಲದ್ದು ಯಾವುದು? ಹಿಂದಿನಿಂದ ತಲೆಯ ಮೇಲೆ ಧುತ್ತೆಂದು ಬೀಳುವ ಚೊಂಬು ನೀರೋ, ಕಣ್ಣಿಗಿಳಿಯುವ ಸೀಗೆಪುಡಿಯೋ, ಜಾರುವ ನೆಲವೋ, ತಣ್ಣಗಿನ ಗೋಡೆಯೋ, ದೊಡ್ಡವನಾದ ಮೇಲೂ ಬಾಗಿಲು ತೆರೆದಿಟ್ಟು ಸ್ನಾನ ಮಾಡಿಸುವ ನಾಚಿಕೆಯೋ? ಎಷ್ಟೋ ಕಡೆ ಚೊಂಬನ್ನು ಅವರ ಕೈಗೇ ಕೊಟ್ಟು, ತಲೆಗೆ ಬದಲು ಕಾಲಿನಿಂದ ನೀರು ಶುರು ಮಾಡಿದರೇ ಅರ್ಧ ಸಮಸ್ಯೆ ಇಳಿಯುತ್ತದೆ. ಆಮೇಲೂ ಉಳಿದರೆ ಸ್ನಾನವನ್ನು ತುಂಡು ಮಾಡಿ: ಮೊದಲ ಮೂರು ದಿನ ಬಚ್ಚಲಿನ ಒಳಗೆ ಕಾಲಿಟ್ಟು ಬಕೆಟ್ಟಿಗೆ ಕೈ ಅದ್ದಿದರೆ ಸಾಕು, ಹೊರಗೆ ಬಂದು ಇಷ್ಟದ ಬಿಸ್ಕತ್ತು. ಮುಂದೆ ಕಾಲಿಗೆ ನೀರು, ಮುಂದೆ ಕೈಕಾಲು, ಬೆನ್ನು, ಕೊನೆಗೆ ತಲೆ. ಒಂದು ಹಂತದಲ್ಲಿ ಸತತ ಎರಡು ದಿನ ಏಟಿಲ್ಲದಿದ್ದರೆ ಮಾತ್ರ ಮುಂದಿನದು. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಯಾವ ಮಡಿಯೂ ಕೆಡುವುದಿಲ್ಲ.

ಬದಲಿ ಮಾತು ಕಲಿಸುವುದು

ಯೋಜನೆಯ ಹೃದಯ ಇದು. ಏಟು ಹೇಳುತ್ತಿದ್ದ ಮಾತನ್ನೇ ಹೇಳುವ ಒಂದು ಸನ್ನೆ ಅಥವಾ ಚೀಟಿ ಬೇಕು. ಆಯ್ಕೆಗೆ ಮೂರು ಪರೀಕ್ಷೆ: ಒಂದೇ ಚಲನೆಯಲ್ಲಿ ಮುಗಿಯಬೇಕು, ಅವರ ಕೈಗೆ ಈಗಲೇ ಸಾಧ್ಯವಿರಬೇಕು, ಅಜ್ಜಿಗೂ ಡೇ ಕೇರ್ ವ್ಯಾನಿನ ಡ್ರೈವರಿಗೂ ನೋಡಿದ ಕೂಡಲೇ ಅರ್ಥವಾಗಬೇಕು. ಅಂಗೈಯಗಲದ ಲ್ಯಾಮಿನೇಟ್ ಮಾಡಿದ ಕಾರ್ಡ್ ಮುಟ್ಟುವುದು, ಎದೆಯ ಮೇಲೆ ಅಂಗೈ ಇಡುವುದು, ಒಂದು ಗುಂಡಿ ಒತ್ತುವುದು ಇವು ಹೊಂದುತ್ತವೆ. ಬೆರಳುಗಳನ್ನು ಕೂಡಿಸಿ ತಿರುಗಿಸುವ ಚಂದದ ಸಂಜ್ಞೆಗಳು ಬೇಡ, ಹೊಡೆಯುವುದು ಅದಕ್ಕಿಂತ ಸುಲಭ. ಮಾತೂ ಖಚಿತವಾಗಿರಲಿ. ತಪ್ಪಿಸಿಕೊಳ್ಳುವವರಿಗೆ "ಸಾಕು, ಸ್ವಲ್ಪ ಬಿಡಿ" ಕಾರ್ಡ್, ಗಮನ ಬೇಕಾದವರಿಗೆ "ಇಲ್ಲಿ ಬಾ" ಕಾರ್ಡ್. ತಪ್ಪಿಸಿಕೊಳ್ಳಬಯಸುವವರಿಗೆ "ಇಲ್ಲಿ ಬಾ" ಕಲಿಸಿದರೆ ಏಟು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿದ್ದು ಇದನ್ನೇ: ಕಾರಣಕ್ಕೆ ಹೊಂದುವ ಮಾತು ಕಲಿಸಿದಾಗ ತೊಂದರೆಯ ವರ್ತನೆ ಇಳಿಯಿತು, ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ.

ಕಲಿಸಲು ಮೊದಮೊದಲು ಇಬ್ಬರು ಬೇಕು. ಒಬ್ಬರು ಎದುರಿಗೆ ಕೂತು ಕೆಲಸ ಹೇಳುವವರು, ಇನ್ನೊಬ್ಬರು ಹಿಂದೆ ನಿಂತು ಮಾತಿಲ್ಲದೆ ಕೈ ನಡೆಸುವವರು. "ತಟ್ಟೆ ಎತ್ತು" ಅಂದ ಮರುಕ್ಷಣ, ಏಟಿಗೆ ಅವಕಾಶವೇ ಬಾರದಂತೆ, ಹಿಂದಿನವರು ಅವರ ಕೈಯನ್ನು ಮೆಲ್ಲಗೆ ಕಾರ್ಡಿನ ಮೇಲಿಡುತ್ತಾರೆ. ಎದುರಿನವರು ಒಂದೆರಡು ಸೆಕೆಂಡಿನೊಳಗೆ "ಸಾಕಾ, ಆಯ್ತು" ಎಂದು ತಟ್ಟೆ ಸರಿಸಿ ಒಂದು ನಿಮಿಷ ಬಿಡುವು ಕೊಡುತ್ತಾರೆ. ಕೈ ಹಿಡಿದರೆ ಅವರು ಪ್ರತಿಭಟಿಸುವುದಾದರೆ ಎಳೆದಾಡಬೇಡಿ, ಕಾರ್ಡನ್ನೇ ಅವರ ಬೆರಳಿನ ತುದಿಗೆ ತನ್ನಿ. ಹತ್ತು ಸಲ ಹೀಗೆ, ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಎರಡು ಮೂರು ದಿನವಾದ ಮೇಲೆ ಕೈ ನಡೆಸುವ ಮುನ್ನ 2 ಸೆಕೆಂಡ್ ಕಾಯಿರಿ, ಆಮೇಲೆ 5, ಆಮೇಲೆ 10. ಆ ಬಿಡುವಿನಲ್ಲಿ ಅವರಾಗಿ ಕಾರ್ಡ್ ಮುಟ್ಟಿದ ದಿನ ಹಿಂದಿನವರ ಕೆಲಸ ಮುಗಿಯುತ್ತ ಬಂತು.

ಎಲ್ಲಿ ಕೆಡುತ್ತದೆ? ಮೊದಲನೆಯದು, ಏಟು ಬಿದ್ದ ಮೇಲೆ ಕಾರ್ಡ್ ತೋರಿಸುವುದು. ಆಗ ಅವರು ಕಲಿಯುವುದು "ಮೊದಲು ಹೊಡೆದುಕೋ, ಆಮೇಲೆ ಕಾರ್ಡ್ ಮುಟ್ಟು" ಎಂಬ ಸರಪಣಿ. ಏಟಿನ ಮುನ್ಸೂಚನೆ ಕಲಿತುಕೊಳ್ಳಿ. ಉಸಿರು ಬಿಗಿಯುವುದು, ಗುನುಗು, ಕಿವಿಯತ್ತ ಕೈ ಹೋಗುವುದು ಹೀಗೆ ಒಬ್ಬೊಬ್ಬರದು ಒಂದೊಂದು. ಕೈ ನಡೆಸಬೇಕಾದದ್ದು ಆಗ. ಏಟು ಬಿದ್ದೇಬಿಟ್ಟರೆ ಕೈ ಹತ್ತು ಸೆಕೆಂಡ್ ಸುಮ್ಮನಾದ ಮೇಲೆ ಕಾರ್ಡ್. ಎರಡನೆಯದು, ದಿನಕ್ಕೆ ನೂರು ಸಲ ಕೇಳುತ್ತಾರೆಂದು ಬೇಸತ್ತು ಕಾರ್ಡನ್ನು ಬೀರುವಿನ ಮೇಲೆ ಬಚ್ಚಿಡುವುದು. ಅದು ಮಾತಾಡುವವರ ಬಾಯಿಗೆ ಪ್ಲಾಸ್ಟರ್ ಹಚ್ಚಿದಂತೆ, ಏಟು ಅದೇ ದಿನ ಮರಳುತ್ತದೆ. ಮೊದಲ ಮೂರು ವಾರ ಎಷ್ಟು ಸಲ ಕೇಳಿದರೂ ಕೊಡಿ. ನೂರು ಸಲ ಕೇಳುವುದು ನೂರು ಸಲ ಹೊಡೆದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಆಮೇಲೆ ಕಾಯುವುದನ್ನು ಕಲಿಸಿ. ತಪ್ಪಿಸಿಕೊಳ್ಳುವವರಿಗೆ ಒಂದು ತಟ್ಟೆ ಎತ್ತಿದರೆ ಕಾರ್ಡಿಗೆ ಬೆಲೆ, ಮುಂದೆ ಎರಡು, ನಾಲ್ಕು, ಎಂಟು. ಗಮನ ಕೇಳುವವರಿಗೆ ಗೋಡೆಯ ಮೇಲೆ ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು ಇರುವ ರಟ್ಟು. ಹಸಿರು ಇದ್ದಾಗ ಕೇಳಿದ್ದೆಲ್ಲ ಸಿಗುತ್ತದೆ, ಕೆಂಪು ಇದ್ದಾಗ ಇಲ್ಲ. ಮೊದಲ ದಿನ ಕೆಂಪು 15 ಸೆಕೆಂಡ್, ಹಸಿರು 4 ನಿಮಿಷ. ಕೆಂಪನ್ನು 30 ಸೆಕೆಂಡ್, 1 ನಿಮಿಷ, 2 ನಿಮಿಷ ಹೀಗೆ ಬೆಳೆಸುತ್ತ, ಒಂದು ಅಡುಗೆ ಮುಗಿಸುವಷ್ಟಕ್ಕೆ ತರಲು ತಿಂಗಳುಗಳೇ ಬೇಕಾಗಬಹುದು. ಕೆಂಪಿನ ಹೊತ್ತಿನಲ್ಲಿ ಕೈಗೆ ಏನಾದರೂ ಕೆಲಸವಿರಲಿ, ಬಟಾಣಿ ಬಿಡಿಸುವುದೋ ಹಾಡು ಕೇಳುವುದೋ.

ಏಟು ಬಿದ್ದಾಗ ನೀವು

ಮುಖದಲ್ಲಿ ಗಾಬರಿ ಬೇಡ, ಬೈಗುಳ ಬೇಡ, "ಅಯ್ಯೋ ನನ್ನ ಕಂದ" ಕೂಡ ಬೇಡ. ಪೆಟ್ಟಿನ ದಾರಿಗೆ ನಿಮ್ಮ ಅಂಗೈಯನ್ನೋ ದಿಂಬನ್ನೋ ಅಡ್ಡ ಹಿಡಿದು ಪೆಟ್ಟು ಮೆತ್ತಗಾಗುವಂತೆ ಮಾಡಿ. ಮಣಿಕಟ್ಟು ತಿರುಚಿ ಹಿಡಿಯಬೇಡಿ. ಎದುರು ನಿಲ್ಲದೆ ಪಕ್ಕದಲ್ಲಿ ನಿಂತು, ಮಾತು ಕಡಿಮೆ ಮಾಡಿ. ಏಟಿಗೆ ಬೇಕಾದದ್ದು ಸಿಗದಿರಲಿ, ಕೈ ಹತ್ತು ಸೆಕೆಂಡ್ ಸುಮ್ಮನಾದ ಮೇಲೆ ಕಾರ್ಡಿಗೆ ಸಿಗಲಿ.

"ಏಟಿಗೆ ಏನೂ ಕೊಡದೆ ಸುಮ್ಮನಿದ್ದುಬಿಡಿ, ತಾನೇ ನಿಲ್ಲಿಸುತ್ತಾನೆ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಇದರ ಅಪಾಯ ಗೊತ್ತಿರಬೇಕು. ಸಿಗುತ್ತಿದ್ದದ್ದು ನಿಂತಾಗ ಏಟು ಮೊದಲು ಏರಬಹುದು. ಇಂಥ 113 ಪ್ರಕರಣಗಳನ್ನು 1995ರಲ್ಲಿ ಲರ್ಮನ್ ಮತ್ತು ಇವಾಟಾ ಪರಿಶೀಲಿಸಿದಾಗ, ಸುಮ್ಮನಿರುವುದೊಂದನ್ನೇ ಮಾಡಿದಲ್ಲಿ ಶೇ. 36ರಲ್ಲಿ ಆ ಏರಿಕೆ ಕಂಡಿತು, ಬೇರೆ ಕ್ರಮಗಳ ಜೊತೆ ಮಾಡಿದಲ್ಲಿ ಶೇ. 12ರಲ್ಲಿ ಮಾತ್ರ. ತಲೆಗೂ ಕಣ್ಣಿಗೂ ಹೊಡೆದುಕೊಳ್ಳುವವರಲ್ಲಿ ಆ ಏರಿಕೆಯನ್ನು ಮನೆಯವರು ತಡೆದುಕೊಳ್ಳಲಾರರು, ತಡೆದುಕೊಳ್ಳಲೂಬಾರದು. ಹತ್ತನೆಯ ಏಟಿಗೆ ಸೋತು ಕೊಟ್ಟರಂತೂ ಹತ್ತು ಸಲ ಜೋರಾಗಿ ಹೊಡೆದುಕೊಂಡರೆ ಸಿಗುತ್ತದೆ ಎಂದು ಕಲಿಸಿದಂತಾಯಿತು. ಅಂಥಲ್ಲಿ ತಕ್ಕಡಿ ವಾಲಿಸಿ. ಏಟಿಗೆ ಕೆಲಸ ನಿಲ್ಲಿಸಲೇಬೇಕಾಗಿ ಬಂದರೆ 20 ಸೆಕೆಂಡ್ ಬಿಡುವು, ಅದೂ ಸಪ್ಪಗೆ. ಕಾರ್ಡ್ ಮುಟ್ಟಿದರೆ ತಕ್ಷಣ 3 ನಿಮಿಷ, ಜೊತೆಗೆ ಇಷ್ಟದ ಹಾಡು. ಕೊಡುವುದರ ಪ್ರಮಾಣ, ವೇಗ, ರುಚಿ ಮೂರೂ ಬದಲಿಯ ಕಡೆಗಿದ್ದರೆ ಏಟನ್ನು ಪೂರ್ತಿ ಬರಿಗೈಯಲ್ಲಿ ಕಳಿಸದೆಯೂ ಇಳಿಸಬಹುದು.

ಸಂವೇದನೆಗಾಗಿ ಹೊಡೆದುಕೊಳ್ಳುವವರಿಗೆ

ಇದು ಎಲ್ಲಕ್ಕಿಂತ ಕಠಿಣ, ಏಕೆಂದರೆ ಕೊಡುವುದೂ ಬಿಡುವುದೂ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಪೈಪೋಟಿ ಕೊಡುವ ವಸ್ತು ಹುಡುಕಬೇಕು. ಎಂಟು ಹತ್ತು ವಸ್ತು ಕೂಡಿಹಾಕಿ: ಬ್ಯಾಟರಿ ಮಸಾಜರ್, ಗಟ್ಟಿ ರಬ್ಬರ್ ಬಳೆ, ಹೆಡ್‌ಫೋನಿನಲ್ಲಿ ಹಾಡು, ರಾಗಿ ತುಂಬಿದ ಹರಿವಾಣ, ತಣ್ಣನೆಯ ಒದ್ದೆ ಟವೆಲ್, ಭಾರದ ಕಂಬಳಿ. ದೊಡ್ಡವರಿಗೆ ಗಿಲಕಿ ಕೊಡಬೇಡಿ. ಒಂದೊಂದನ್ನೂ ಎರಡು ನಿಮಿಷ ಕೈಗೆ ಕೊಟ್ಟು, ಎಷ್ಟು ಸೆಕೆಂಡ್ ಹಿಡಿದಿದ್ದರು, ಎಷ್ಟು ಏಟು ಬಿತ್ತು ಎಂದು ಬರೆಯಿರಿ. ಹೋಲಿಕೆಗೆ ಏನೂ ಕೊಡದ ಎರಡು ನಿಮಿಷವೂ ಇರಲಿ. ಹೆಚ್ಚು ಹೊತ್ತು ಹಿಡಿದು, ಏಟು ಹೆಚ್ಚುಕಡಿಮೆ ಸೊನ್ನೆಯಾದ ಮೂರು ವಸ್ತುಗಳನ್ನು ಆರಿಸಿ ಸರದಿಯಲ್ಲಿ ಕೊಡಿ. ಒಂದೇ ವಸ್ತು ದಿನವಿಡೀ ಕೊಟ್ಟರೆ ವಾರದೊಳಗೆ ಬೇಸರ ಬಂದು ಮೂಲೆ ಸೇರುತ್ತದೆ.

ಹೆಲ್ಮೆಟ್, ಮೊಣಕೈ ಮಡಚದಂತೆ ಕಟ್ಟುವ ಸ್ಪ್ಲಿಂಟ್ ಇವನ್ನು ವೈದ್ಯರ, ಫಿಸಿಯೋಥೆರಪಿಸ್ಟರ ಸಲಹೆಯಲ್ಲೇ ಬಳಸಿ. ಕಟ್ಟುವ ದಿನವೇ ಬಿಚ್ಚುವ ಯೋಜನೆಯೂ ಬರೆದಿರಲಿ. ಎರಡು ಗಂಟೆಗೊಮ್ಮೆ ತೆಗೆದು ಚರ್ಮ ನೋಡಿ, ಕೀಲು ಆಡಿಸಿ. ತಿಂಗಳುಗಟ್ಟಲೆ ಬಿಗಿದಿಟ್ಟರೆ ಸ್ನಾಯು ಸೊರಗಿ ಕೈ ಮಡಚಲಾಗದ ಸ್ಥಿತಿ ಬರುತ್ತದೆ. ಕೆಲವರು ತಾವೇ ಅಂಗಿಯೊಳಗೆ, ಸೊಂಟದ ಪಟ್ಟಿಯೊಳಗೆ ಕೈ ತೂರಿಸಿ ಇಟ್ಟುಕೊಳ್ಳುತ್ತಾರೆ. ಅದನ್ನು ಕಿತ್ತು ಹೊರತೆಗೆಯಬೇಡಿ, ಹೊಡೆಯದಿರಲು ಅವರು ತಾವಾಗಿ ಕಂಡುಕೊಂಡ ದಾರಿ ಇರಬಹುದು. ದೊಡ್ಡ ಜೇಬಿನ ಜಾಕೆಟ್ ಹೊಲಿಸಿಕೊಡಿ. ಮಂಚಕ್ಕೆ, ಕಿಟಕಿ ಸರಳಿಗೆ ಕಟ್ಟಿಹಾಕುವುದು, ಖಾರದ ಪುಡಿ ಹಚ್ಚುವುದು, ತಿರುಗಿ ಹೊಡೆಯುವುದು ಚಿಕಿತ್ಸೆಯಲ್ಲ. ಕ್ರೂರವಾಗಿ, ಹೀನಾಯವಾಗಿ ನಡೆಸಿಕೊಳ್ಳುವುದರಿಂದ ಇವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ರಕ್ಷಣೆ ಕೊಟ್ಟಿದೆ.

ಎಲ್ಲರೂ ಒಂದೇ ಥರ

ಹಗಲೆಲ್ಲ ತಾಯಿ ಕಾರ್ಡಿಗೆ ಬೆಲೆ ಕೊಟ್ಟು, ಸಂಜೆ ಬಂದ ಚಿಕ್ಕಪ್ಪ ಏಟಿಗೆ ಮೊಬೈಲ್ ಕೊಟ್ಟರೆ ಕೆಲಸ ಕೆಟ್ಟಿತು. ಆಗೊಮ್ಮೆ ಈಗೊಮ್ಮೆ ಫಲಿಸುವ ಏಟು ಸದಾ ಫಲಿಸುವ ಏಟಿಗಿಂತ ಗಟ್ಟಿಯಾಗಿ ಬೇರೂರುತ್ತದೆ. ಒಂದು ಪುಟದಲ್ಲಿ ದಪ್ಪಕ್ಷರದಲ್ಲಿ ನಾಲ್ಕು ಸಾಲು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ: ಮುನ್ಸೂಚನೆ ಏನು, ಆಗ ಏನು ಮಾಡಬೇಕು, ಕಾರ್ಡ್ ಮುಟ್ಟಿದರೆ ಏನು ಕೊಡಬೇಕು, ಏಟು ಬಿದ್ದರೆ ಏನು ಮಾಡಬೇಕು. ಡೇ ಕೇರಿಗೂ ಅದೇ ಪುಟ. ಹಬ್ಬಕ್ಕೆ ನೆಂಟರು ಬರುವ ಮುನ್ನ ಫೋನಿನಲ್ಲೇ ಹೇಳಿಬಿಡಿ, ಮನೆ ತುಂಬ ಜನರಿದ್ದಾಗ ಹೇಳುವುದು ಕಷ್ಟ.

ಎಣಿಕೆ ನಿಲ್ಲಿಸಬೇಡಿ. ಚೌಕಳಿ ಹಾಳೆಯ ಮೇಲೆ ದಿನಕ್ಕೊಂದು ಚುಕ್ಕಿ. ಎಲ್ಲರೂ ಸರಿಯಾಗಿ ಮಾಡಿಯೂ ಎರಡು ವಾರದಲ್ಲಿ ಗೆರೆ ಇಳಿಯದಿದ್ದರೆ ಕಾರಣವನ್ನು ತಪ್ಪಾಗಿ ಓದಿದ್ದೀರಿ, ನೋಟ್‌ಬುಕ್ಕಿಗೆ ಮರಳಿ. ಗಾಯ ಆಳವಾಗಿದ್ದರೆ, ಕಣ್ಣು ಅಥವಾ ತಲೆಯ ಪ್ರಶ್ನೆಯಿದ್ದರೆ ಎರಡು ವಾರವೂ ಕಾಯದೆ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಮಾತಿಗೆ ಬದಲಿ ದಾರಿ ಆಯ್ದುಕೊಳ್ಳಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರನ್ನು ಕೇಳಬಹುದು. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಮಾಡಿಸಿಲ್ಲದಿದ್ದರೆ ಮಾಡಿಸಿ.

ಏಟು ನಿಂತು ಆರು ತಿಂಗಳಾದರೂ ಕಾರ್ಡ್ ಅಲ್ಲೇ ಇರಲಿ, ಹರಿದರೆ ಕೊಡಲು ಇನ್ನೆರಡು ಪ್ರತಿ ಲ್ಯಾಮಿನೇಟ್ ಮಾಡಿಸಿಡಿ. ತಾಯಿ ಆಸ್ಪತ್ರೆ ಸೇರಿದ ವಾರ, ಮನೆ ಬದಲಿಸಿದ ತಿಂಗಳು, ಡೇ ಕೇರಿನ ಅಕ್ಕ ಕೆಲಸ ಬಿಟ್ಟುಹೋದಾಗ ಹಳೆಯ ಏಟು ಮರಳಿ ಬರಬಹುದು. ಆಗ ಮೊದಲು ಕಿವಿ, ಹಲ್ಲು, ಹೊಟ್ಟೆ ತೋರಿಸಿ. ಅಲ್ಲೇನೂ ಇಲ್ಲದಿದ್ದರೆ ಕಾಯಿಸುವ ಹೊತ್ತನ್ನು ಹಿಂದಿನ ಹಂತಕ್ಕೆ ಇಳಿಸಿ, ಕೆಂಪು ರಟ್ಟು ಮತ್ತೆ 15 ಸೆಕೆಂಡಿನಿಂದ ಶುರುವಾಗಲಿ. ಈ ಸಲ ಮೆಟ್ಟಿಲು ಬೇಗ ಏರುತ್ತಾರೆ.